ಯಾರು ಏನು ಬಿಟ್ಟರು?

ಮೊನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ಮೇಘನಾ ಕಾಫಿ ಲೋಟವನ್ನು ಕೈಗಿತ್ತು, ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಅವಳ ಕೈಯಲ್ಲಿ ಒಂದು ಫಾರಂ ಇತ್ತು. ಡಾಕ್ಟರಿಕೆ ಓದುತ್ತಿದ್ದಾಳೆ, ಮುಂದಿನ ವಾರ ಹಳ್ಳಿಗೆ ಹೋಗಿ ಮನೆಮನೆ ವಿಚಾರಿಸಬೇಕಂತೆ. ಅದಕ್ಕೆ ಮೊದಲು ಮನೆಯಲ್ಲೇ ಒಂದು ತಾಲೀಮು, ಸಿಕ್ಕಿದವನು ನಾನು.

"ಏನಾದ್ರೂ ಕಾಯಿಲೆ ಇದೆಯಾ ತಾತ?"

"ಏನೂ ಇಲ್ಲಮ್ಮ. ಗುಂಡುಕಲ್ಲಿನ ಹಾಗಿದೀನಿ."

ಬರೆದುಕೊಂಡಳು. ಮುಂದಿನ ಪ್ರಶ್ನೆ ನೋಡಿ ಕಿಸಕ್ಕನೆ ನಕ್ಕಳು. "ಇದನ್ನ ಯಾರು ಬರೆದ್ರೋ ತಾತ! 'ಈಚೆಗೆ ನಿಮ್ಮ ಮನೆಯಲ್ಲಿ ಯಾರು ಏನು ಬಿಟ್ಟಿದ್ದಾರೆ?' ಅಂತೆ. ಕ್ಲಾಸಲ್ಲಿ ಎಲ್ರೂ ನಗ್ತಾರೆ. ಇದೆಂಥ ಮೆಡಿಕಲ್ ಕ್ವೆಶ್ಚನ್ನು?"

ಕಾಫಿ ನನ್ನ ಪಂಚೆಯ ಮೇಲೆ ತುಳುಕಿತು. ಆ ಪ್ರಶ್ನೆ ಹುಟ್ಟಿದ್ದು ಎಲ್ಲಿ ಎಂದು ಬಲ್ಲವರಲ್ಲಿ ಈಗ ಉಳಿದಿರುವವನು ಬಹುಶಃ ನಾನೊಬ್ಬನೇ. ನಿಮಗೂ ಹೇಳುತ್ತೇನೆ, ಕೂತುಕೊಳ್ಳಿ. ಹೇಳುವಾಗ ನನ್ನ ಮಾನ ಸ್ವಲ್ಪ ಹೋಗುತ್ತದೆ. ಹೋಗಲಿ, ಈ ವಯಸ್ಸಿನಲ್ಲಿ ಅದನ್ನು ಜೋಪಾನ ಮಾಡಿ ಯಾರಿಗೆ ಕೊಡಬೇಕಾಗಿದೆ!

ಅದು ಐವತ್ತರ ದಶಕ. ನಾವು ಈಗ ಕೂತಿರುವ ಈ ವಿಜಯನಗರ ಆಗ ರಾಗಿಹೊಲ, ಕಡಲೆಕಾಯಿ ಹೊಲ. ನಡುವೆ ಮಾರೇನಹಳ್ಳಿ ಎಂಬ ಊರು. ಅತ್ತ ರಾಜಾಜಿನಗರದಲ್ಲಿ ಸೈಟಿನ ಕಲ್ಲು ನೆಡುತ್ತಿದ್ದರು. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದರೆ ಅಲ್ಲಿಂದ ಕಾಲುದಾರಿಯೇ ಗತಿ. ಮೆಡಿಕಲ್ ಕಾಲೇಜಿನ ಹುಡುಗರಾದ ನಮ್ಮನ್ನು ವಾರಕ್ಕೊಮ್ಮೆ ಆ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದವರು ಡಾಕ್ಟರ್ ಸುಭದ್ರಮ್ಮ, ನಮ್ಮ ಮೇಡಂ.

ಮೇಡಂ ಹೊರದೇಶದಲ್ಲಿ ಓದಿ ಬಂದವರು. ಬೇಕೆಂದಿದ್ದರೆ ದೊಡ್ಡ ನರ್ಸಿಂಗ್ ಹೋಮು ತೆರೆದು ಕಾರಿನಲ್ಲಿ ಓಡಾಡಬಹುದಿತ್ತು. ಅವರು ಆರಿಸಿಕೊಂಡದ್ದು ಕಾಲೇಜಿನಲ್ಲಿ ಯಾರಿಗೂ ಬೇಡವಾದ ವಿಭಾಗ: ರೋಗ ಬಂದ ಮೇಲೆ ಗುಣಪಡಿಸುವುದಲ್ಲ, ಬರದ ಹಾಗೆ ನೋಡಿಕೊಳ್ಳುವುದು. ಬಾರದ ರೋಗಕ್ಕೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಆಪರೇಷನ್ ಮಾಡಿದವರ ಮನೆಗೆ ಹಣ್ಣಿನ ಬುಟ್ಟಿ ಬರುತ್ತಿತ್ತು. ಮೇಡಂ ಮನೆಗೆ ಮಾರೇನಹಳ್ಳಿಯ ಧೂಳು ಬರುತ್ತಿತ್ತು. ಕೈಯಲ್ಲಿ ಸದಾ ಒಂದು ಕರಿ ಕೊಡೆ. ಬಿಸಿಲಿಗೂ ಅದೇ, ನಾಯಿಗೂ ಅದೇ, ಮಾತಾಡುತ್ತಾ ಹಿಂದುಳಿದ ನಮ್ಮಂಥವರ ಬೆನ್ನಿಗೂ ಅದೇ.

ಕಾಲೇಜಿನ ಹಿರಿಯ ಸರ್ಜನ್ ಪ್ರೊಫೆಸರರಿಗೆ ಈ ಹಳ್ಳಿ ಓಡಾಟ ಕಂಡರಾಗುತ್ತಿರಲಿಲ್ಲ. "ಹುಡುಗರು ಕಡಲೆಕಾಯಿ ತಿಂದು ಬರ್ತಾರೆ, ಅಷ್ಟೆ" ಎನ್ನುತ್ತಿದ್ದರು. ಸುಳ್ಳು ಹೇಳಬಾರದು, ತಿನ್ನುತ್ತಿದ್ದೆವು. ಟರ್ಮಿನ ಕೊನೆಗೆ ಅವರ ಅಧ್ಯಕ್ಷತೆಯಲ್ಲಿ ಒಂದು ಸಭೆ ಎಂದು ಗೊತ್ತಾಯಿತು. ಹಳ್ಳಿಯಲ್ಲಿ ವಿದ್ಯಾರ್ಥಿಗಳು ಕಲಿಯುವಂಥದ್ದು ಇದೆ ಎಂದು ಮೇಡಂ ತೋರಿಸಿಕೊಡಬೇಕು. ಇಲ್ಲವಾದರೆ ಹಳ್ಳಿ ಪಾಠ ಬಂದ್, ಮೇಡಂ ವಾಪಸ್ಸು ಲ್ಯಾಬಿಗೆ, ಉಳಿದ ಸರ್ವಿಸ್ಸೆಲ್ಲ ಮೈಕ್ರೋಸ್ಕೋಪಿನಡಿ ಗಾಜಿನ ಪಟ್ಟಿ ನೋಡುತ್ತಾ ಕೂರುವುದು.

ಅದಕ್ಕೇ ಆ ಮನೆಮನೆ ವಿಚಾರಣೆ. ನನ್ನ ಪಾಲಿಗೆ ಮೂವತ್ತು ಮನೆ ಬಂದವು. ಬಿಳಿ ಕೋಟು ತೊಟ್ಟು, ಹೊಸ ಸ್ಟೆತಾಸ್ಕೋಪನ್ನು ಎಲ್ಲರಿಗೂ ಕಾಣುವ ಹಾಗೆ ಕೊರಳಿಗೆ ಹಾಕಿಕೊಂಡು, ಒಂದೇ ಮಧ್ಯಾಹ್ನಕ್ಕೆ ಮುಗಿಸಿ ಬಂದೆ. "ಮನೆಯಲ್ಲಿ ಕಾಯಿಲೆ ಇದೆಯೇ?" ಎಂದು ಕೇಳುವುದು, ಬಂದ ಉತ್ತರ ಬರೆಯುವುದು. ಮೂವತ್ತಕ್ಕೆ ಮೂವತ್ತು ಮನೆಯಲ್ಲೂ "ಇಲ್ಲ". ನನ್ನ ಅಕ್ಷರ ದುಂಡಗಿತ್ತೆಂದು ನನಗೇ ಹೆಮ್ಮೆಯಾಗಿತ್ತು.

ಮೇಡಂ ಒಂದೊಂದೇ ಹಾಳೆ ಮಗುಚಿದರು. ಕೊನೆಯದನ್ನು ಕೆಳಗಿಟ್ಟು ಹೇಳಿದರು: "ಇಷ್ಟು ಆರೋಗ್ಯ ಸ್ವರ್ಗದಲ್ಲೂ ಇರಲ್ಲ ಕಣಯ್ಯ. ಇದನ್ನ ಸಭೇಲಿ ಇಟ್ರೆ ಅವತ್ತೇ ನನ್ನ ಅಂಗಡಿ ಮುಚ್ಚಿಸ್ತಾರೆ. ನಡಿ, ನಾನೂ ಬರ್ತೀನಿ."

ಮಾರನೆಯ ದಿನ ಮೊದಲ ಮನೆ ನಂಜಮ್ಮನದು. ಐವತ್ತು ದಾಟಿದ ಒಕ್ಕಲಿನ ಹೆಂಗಸು, ಜಗಲಿಯ ಮೇಲೆ ಮೊಮ್ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದಳು. ಮಗುವಿನ ಕಣ್ಣು ಗುಳಿಬಿದ್ದಿತ್ತು, ಬಾಯಿ ಒಣಗಿತ್ತು. ಹಿಂದಿನ ದಿನವೂ ಅದು ಅಲ್ಲೇ ಇತ್ತು. ನಾನು ನೋಡಿದ್ದೆ, ನಕ್ಕು ಕೆನ್ನೆ ಮುಟ್ಟಿಯೂ ಇದ್ದೆ.

"ನಿನ್ನೆ ಕಾಯಿಲೆ ಇಲ್ಲ ಅಂದ್ರಲ್ಲ?" ಎಂದೆ ಜಬರದಸ್ತಿನಿಂದ.

"ಕಾಯಿಲೆ ಎಲ್ಲೈತೆ ಸ್ವಾಮಿ? ಹಲ್ಲು ಹುಟ್ತಾ ಐತೆ, ಅದ್ಕೆ ಭೇದಿ ಆಯ್ತಾ ಐತೆ" ಎಂದಳು ನಂಜಮ್ಮ.

ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊಡೆ ಒಂದು ಕಡೆ ಎಸೆದು, ನೀರು ಕುದಿಸಲು ಹೇಳಿ, ತೆಳ್ಳಗೆ ಗಂಜಿ ಮಾಡಿಸಿ, ಉಪ್ಪು ಬೆರೆಸಿ, ಆರಿದ ಮೇಲೆ ಮಗುವನ್ನು ತಮ್ಮ ತೊಡೆಗೆ ತೆಗೆದುಕೊಂಡು ಚಮಚ ಚಮಚವಾಗಿ ಕುಡಿಸತೊಡಗಿದರು. ಕಕ್ಕಿದರೆ ಸ್ವಲ್ಪ ತಡೆದು ಮತ್ತೆ ಒಂದು ಚಮಚ. ನನಗೆ ಮಾತ್ರ, "ನೀನು ಮಿಕ್ಕ ಮನೆ ನೋಡಿಕೊಂಡು ಬಾ. ಈ ಸಲ ಕಿವಿ ಮುಚ್ಕೊಂಡು ಕಣ್ಣು ಬಿಟ್ಕೊಂಡು ಹೋಗು" ಎಂದರು.

ಹೋದೆ. ಎರಡು ಮನೆ ಆಚೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಹಿಂದಿನ ದಿನವೂ ಕಟ್ಟಿತ್ತು. ಒಳಗೆ ಹುಡುಗಿಗೆ ಅಮ್ಮ ಬಂದಿದ್ದಾಳೆ ಎಂದು ನನಗೆ ಗೊತ್ತಾಗಿತ್ತು. ಗೊತ್ತಾಗಿ ಏನು ಮಾಡಿದೆ ಹೇಳಲೇ? ಹೊಸಿಲಾಚೆ ಚಪ್ಪಲಿ ಬಿಟ್ಟು, ಭಕ್ತಿಯಿಂದ ಕೈಮುಗಿದು, ಫಾರಂನಲ್ಲಿ "ಕಾಯಿಲೆ: ಇಲ್ಲ" ಎಂದು ಬರೆದು ಮುಂದಿನ ಮನೆಗೆ ಹೋಗಿದ್ದೆ. ನಮ್ಮ ಮನೆಯಲ್ಲೂ ಅಮ್ಮನನ್ನು ಕಾಯಿಲೆ ಎಂದವರ ತುಟಿಗೆ ನನ್ನಜ್ಜಿ ಬರೆ ಹಾಕುವೆನೆನ್ನುತ್ತಿದ್ದಳು. ಸಿಡುಬಿನ ಲಕ್ಷಣಗಳನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾದ ಮಹಾಶಯ ನಾನು. ಓದಿದ್ದೆಲ್ಲ ಕೋಟಿನ ಜೇಬಿನಲ್ಲಿತ್ತು, ಅಜ್ಜಿ ಮಾತ್ರ ತಲೆಯಲ್ಲಿದ್ದಳು. ಅಂದು ಆ ಬಾಗಿಲ ಮುಂದೆ ನಿಂತು ನನಗೆ ನಿಜವಾಗಿ ನಾಚಿಕೆಯಾಯಿತು. "ಇಲ್ಲ" ಹೊಡೆದುಹಾಕಿ "ಸಿಡುಬು" ಎಂದು ಬರೆದೆ.

ಹೊತ್ತು ಇಳಿಯುವ ವೇಳೆಗೆ ನಂಜಮ್ಮನ ಜಗಲಿಗೆ ವಾಪಸ್ಸು ಬಂದೆ. ಮೇಡಂ ಅಲುಗದೆ ಹಾಗೇ ಕೂತಿದ್ದರು. ಸುತ್ತ ಊರ ಹೆಂಗಸರು ನೆರೆದಿದ್ದರು. ಆಗ ಮಗು ಒಮ್ಮೆ ಕೈಕಾಲು ಆಡಿಸಿ ಮೇಡಂ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ಯಿತು. ಬೆಳಗಿನಿಂದ ಹೊಯ್ದಿರಲಿಲ್ಲವಂತೆ. "ಹೊಯ್ತು! ಹೊಯ್ತು ಕಣಯ್ಯ!" ಎಂದು ಮೇಡಂ ಕೂಗಿದ ಕೂಗಿಗೆ ಹಿತ್ತಲ ಕೋಳಿಗಳು ಚದುರಿದವು. ಮಗು ಉಳಿಯಿತು ಎಂದು ಅದರ ಅರ್ಥ. ಒದ್ದೆ ಸೀರೆಯಲ್ಲಿ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ನಂಜಮ್ಮ ಕಣ್ಣು ಒರೆಸಿಕೊಂಡು, ಮಗುವನ್ನು ಇಸಿದುಕೊಂಡು, ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಡಾಕ್ಟ್ರಮ್ಮ, ನಿಮ್ ಹುಡ್ಗ ಬಂದು ಕಾಯಿಲೆ ಐತಾ, ಕಾಯಿಲೆ ಐತಾ ಅಂತಾನೆ. ಹಂಗ್ ಕೇಳಿದ್ರೆ ಯಾರವ್ವ ಊಂ ಅಂತಾರೆ? ಯಾರು ಏನು ಬಿಟ್ರು ಅಂತ ಕೇಳ್ಬೇಕು. ಕೂಸು ಮೊಲೆ ಬಿಡ್ತಾ? ಮುದ್ಕ ಮುದ್ದೆ ಬಿಟ್ನಾ? ಸೊಸೆ ನೀರು ಸೇದೋದು ಬಿಟ್ಲಾ? ನಾವು ನೋಡೋದು ಹಂಗೇಯ."

ಮೇಡಂ ನನ್ನ ಕೈಯಿಂದ ಫಾರಂ ಕಿತ್ತುಕೊಂಡು ಮೊದಲ ಪ್ರಶ್ನೆಯ ಕೆಳಗೆ ನಂಜಮ್ಮನ ಮಾತನ್ನು ಬರೆದರು. "ಏಳು ವರ್ಷ ಪುಸ್ತಕ ಓದಿದೀನಿ ನಂಜಮ್ಮ, ಇದು ಸಿಕ್ಕಿರಲಿಲ್ಲ" ಎಂದರು.

ಅದೇ ಮೂವತ್ತು ಮನೆಗೆ ಮತ್ತೆ ಹೋದೆ, ಈ ಸಲ ಕೋಟು ಬಿಚ್ಚಿಟ್ಟು. ಉತ್ತರ ಬರೆಯಲು ಹಾಳೆಯೇ ಸಾಲಲಿಲ್ಲ. ಒಬ್ಬಳು ಹೆರಿಗೆಯಾದ ಮೇಲೆ ಬೀಸುವುದು ಬಿಟ್ಟಿದ್ದಳು, ಸುಸ್ತಂತೆ. ಒಬ್ಬ ಮುದುಕ ಕಣ್ಣು ಮಂಜಾಗಿ ಹೊಲಕ್ಕೆ ಹೋಗುವುದು ಬಿಟ್ಟಿದ್ದ. ಊಟ ಬಿಟ್ಟ ಕೂಸುಗಳ ಮನೆಗಳನ್ನು ಊರಿನ ನಕ್ಷೆಯಲ್ಲಿ ಗುರುತು ಹಾಕಿದಾಗ, ಹೆಚ್ಚುಕಡಿಮೆ ಎಲ್ಲವೂ ದನ ಇಳಿಯುವ ಕುಂಟೆಯ ನೀರು ತರುವ ಮನೆಗಳೇ. ಸೇದುವ ಬಾವಿಯ ಕಡೆಯವರು ಕ್ಷೇಮ. ಡಾಕ್ಟರಿಕೆ ಅಂದರೇನು ಎಂದು ಅಂದು ಗೊತ್ತಾಯಿತು.

ಸಭೆಯ ದಿನ ಮೇಡಂ ನಕ್ಷೆಯ ಜೊತೆಗೆ ನಂಜಮ್ಮನನ್ನೂ ಕರೆತಂದರು. ಮದುವೆ ಮನೆಗೆ ಉಡುವ ಸೀರೆ ಉಟ್ಟು, ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು, ಪಾಠದ ಹಾಲಿನ ಮುಂದಿನ ಬೆಂಚಿನಲ್ಲಿ ಕೂತಳು. ಸರ್ಜನ್ ಪ್ರೊಫೆಸರು ನಕ್ಷೆಯನ್ನು ದೂರದಿಂದಲೇ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ಏನಮ್ಮ, ನಿಮ್ಮ ಮನೇಲಿ ಕಾಯಿಲೆ ಇದೆಯಾ?" ಎಂದರು.

"ಇಲ್ಲ ಸ್ವಾಮಿ."

ಹಾಲಿನಲ್ಲಿ ನಗು ಎದ್ದಿತು. ಪ್ರೊಫೆಸರು ಮೇಡಂ ಕಡೆ ನೋಡಿ ಕೈ ಚೆಲ್ಲಿದರು.

"ನಾನೂ ಒಂದು ಕೇಳ್ಲಾ ಸ್ವಾಮಿ?" ಎಂದಳು ನಂಜಮ್ಮ. "ನಿಮ್ಗೆ ಕಾಯಿಲೆ ಐತಾ?"

"ನನಗೇನಮ್ಮ? ಏನೂ ಇಲ್ಲ."

"ಹಂಗಾರೆ ನೀವು ಏನು ಬಿಟ್ಟಿದೀರಿ?"

ಪ್ರೊಫೆಸರು ನಂಜಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಆ ಗಡಸು ಮನುಷ್ಯ ಮೆಲ್ಲಗೆ ಹೇಳಿದರು: "ಮಹಡಿ ಮೆಟ್ಟಿಲು ಬಿಟ್ಟಿದೀನಮ್ಮ. ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ. ಮೂರು ತಿಂಗಳಾಯ್ತು, ಕೆಳಗೇ ಮಲಗ್ತಿದೀನಿ." ಹಾಗೆಂದವರು ತಮ್ಮ ಮಾತಿಗೆ ತಾವೇ ಬೆಚ್ಚಿದ ಹಾಗೆ ಸುತ್ತ ನೋಡಿ, ನೇರ ನಕ್ಷೆಯ ಬಳಿಗೆ ಹೋಗಿ ಕನ್ನಡಕ ಹಾಕಿಕೊಂಡು ಓದತೊಡಗಿದರು. ಕೊನೆಗೆ ಮೇಡಂಗೆ ಹೇಳಿದ್ದು ಇಷ್ಟೇ: "ಎಲ್ಲ ಬ್ಯಾಚನ್ನೂ ಕಳಿಸಿ. ನಮ್ಮ ಮೇಷ್ಟ್ರುಗಳನ್ನೂ ಕರ್ಕೊಂಡ್ ಹೋಗಿ." ನಾವು ಹುಡುಗರು ಬೆಂಚು ಗುದ್ದಿದ ಸದ್ದಿಗೆ ಪಕ್ಕದ ಕ್ಲಾಸಿನವರು ಓಡಿ ಬಂದರು. ನಂಜಮ್ಮ ಎಲೆಅಡಿಕೆ ಉಗಿಯಲು ಜಾಗ ಎಲ್ಲಿದೆ ಎಂದು ನನ್ನನ್ನು ಕೇಳಿದಳು.

ಆ ಮಳೆಗಾಲದೊಳಗೆ ಕುಂಟೆಯ ನೀರು ಕುಡಿಯುವುದು ನಿಂತಿತು. ಮೇಡಂ ಮುಂದೆ ಸುಂಕದಕಟ್ಟೆಗೆ ಹೋದರು, ಕೆಂಗೇರಿಗೆ ಹೋದರು, ನಿವೃತ್ತರಾಗುವವರೆಗೂ ಊರೂರು ಅಲೆದು ಬರೆದರು. ಜನರ ರೋಗದ ಮೇಲೆ ಬರೆದದ್ದಕ್ಕಿಂತ, ಡಾಕ್ಟರಾಗುವವರಿಗೆ ಕೇಳುವುದನ್ನು ಹೇಗೆ ಕಲಿಸಬೇಕು ಎಂಬುದರ ಮೇಲೆ ಬರೆದದ್ದೇ ಹೆಚ್ಚು. ಅವರ ಮೊದಲ ಲೇಖನದ ಕೊನೆಯಲ್ಲಿ ಸಹಾಯ ಮಾಡಿದವರ ಹೆಸರುಗಳಿದ್ದವು. ಮೊದಲ ಹೆಸರು ಮಾರೇನಹಳ್ಳಿಯ ನಂಜಮ್ಮ. ನನ್ನ ಹೆಸರು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಹೇಳಿ ಮುಗಿಸುವಾಗ ಕಾಫಿ ತಣ್ಣಗಾಗಿತ್ತು. ಮೇಘನಾ ನಗುತ್ತಿರಲಿಲ್ಲ. ಆ ಪ್ರಶ್ನೆ ಇಷ್ಟು ವರ್ಷ ಬ್ಯಾಚಿನಿಂದ ಬ್ಯಾಚಿಗೆ ಬಂದು, ಮೇಡಂ ಹೆಸರು ಕೇಳದ ಮಕ್ಕಳ ಕೈಗೂ ತಲುಪಿತಲ್ಲ ಎಂದು ನನಗೆ ಗೆದ್ದಷ್ಟು ಖುಷಿಯಾಗಿತ್ತು. ಅವಳು ಫಾರಂ ನೋಡಿದಳು, ನನ್ನ ಮಂಡಿ ನೋಡಿದಳು, ಮೊದಲ ಉತ್ತರಕ್ಕೆ ಅಡ್ಡಗೆರೆ ಎಳೆದಳು.

"ತಾತ, ನೀವು ಏನು ಬಿಟ್ಟಿದೀರಿ?"

ಸುಳ್ಳು ಬಾಯಿಯ ತುದಿಗೆ ಬಂದಿತ್ತು, ನುಂಗಿದೆ. "ವಾಕಿಂಗ್ ಬಿಟ್ಟಿದೀನಿ ಕಣೇ. ಮಾರೇನಹಳ್ಳಿ ಕಡೆಗೆ ಹೋಗಿ ಬರ್ತಿದ್ದೆ. ಮಂಡಿ ನೋವಿಗೆ ಕಾಲು ಎತ್ತೋಕ್ಕಾಗಲ್ಲ, ಆರು ತಿಂಗಳಾಯ್ತು."

ಮೇಘನಾ ಅದನ್ನು ಬರೆದುಕೊಂಡಳು. ಅವಳ ಅಕ್ಷರ ದುಂಡಗಿಲ್ಲ, ಆದರೆ ಬರೆದದ್ದು ನಿಜ.