ಕೆಮ್ಮಣ್ಣಿನ ಅಡಿಯ ಕೆಂಪು

ನನ್ನ ಗಂಟಲಿನ ಸೋಂಕಿನ ಕತೆಯನ್ನು ಹೇಳುವಾಗಲೆಲ್ಲ ಅತ್ತೆಯೇ ತಪ್ಪಿತಸ್ಥರಾಗುತ್ತಾರೆ. ಬರೆಯುವಾಗಲಾದರೂ ಹಾಗಾಗದಂತೆ ನೋಡಿಕೊಳ್ಳಬೇಕು.

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ವೈರಲ್ ಜ್ವರ ಬಂದು ಹೋಯಿತು. ನನಗೆ ಮಾತ್ರ ಜ್ವರ ಬಿಟ್ಟ ಮೇಲೆ ಕತ್ತಿನ ಮುಂಭಾಗ ಊದಿತು. ನುಂಗಿದರೆ ನೋವು ಕಿವಿಯವರೆಗೆ ಏರುತ್ತಿತ್ತು. ಹೊಸಪೇಟೆಯ ಡಾಕ್ಟರಮ್ಮ ಬೆರಳಿಂದ ಒತ್ತಿ ನೋಡಿದರು.

"ವೈರಲ್ ಜ್ವರ ಆದಮ್ಯಾಲೆ ಥೈರಾಯ್ಡ್ ಹಿಂಗ ಊದತೈತ್ರಿ. ಭಾಳ ಮಂದಿಗೆ ತಾನಽ ಇಳೀತೈತಿ. ಅಪರೂಪಕ್ಕ ಒಳಗ ಸೋಂಕಾಗಿ ಕೀವು ತುಂಬತೈತಿ. ಚರ್ಮ ಕೆಂಪಾದ್ರ ಒಂದು ತಾಸೂ ಕಾಯಬ್ಯಾಡ್ರಿ, ಬಂದುಬಿಡ್ರಿ."

ಅತ್ತೆ ಸಂಡೂರಿನ ಕಡೆಯವರು. ಕತ್ತು ಬಾತರೆ ಅವರ ತವರಿನಲ್ಲಿ ಕೆಮ್ಮಣ್ಣು ಕಲಸಿ ಬಳಿಯುತ್ತಾರಂತೆ. ಒಣಗಿ ತಾನಾಗಿ ಉದುರುವ ತನಕ ತೊಳೆಯಬಾರದು. ತೊಳೆದರೆ ಬಾವು ಒಳಗಿಳಿಯುತ್ತದಂತೆ. ಉಪ್ಪಿನಕಾಯಿಯ ಹಳೇ ಭರಣಿಯೊಂದರಲ್ಲಿ ಆ ಮಣ್ಣು ಸದಾ ಇರುತ್ತಿತ್ತು.

ಕತ್ತು ಎತ್ತಿ ಕೊಟ್ಟವಳು ನಾನೇ. ಮಣ್ಣು ತಂಪಾಗಿತ್ತು, ಹಿತವಾಗಿತ್ತು. ಡಾಕ್ಟರಮ್ಮನ ಮಾತು ಮರೆತಿದ್ದೆನೆ? ಇಲ್ಲ. ದಿನಾ ಕನ್ನಡಿ ನೋಡುತ್ತಿದ್ದೆ. ಕತ್ತು ಕೆಂಪಗಿತ್ತು. ಮಣ್ಣಲ್ಲವೆ, ಅಂದುಕೊಳ್ಳುತ್ತಿದ್ದೆ. ಒಂದು ಪದರ ಒಣಗಿ ಬಿರಿದರೆ ಅತ್ತೆ ಇನ್ನೊಂದು ಬಳಿಯುತ್ತಿದ್ದರು.

ಮೂರನೆಯ ದಿನವೋ ನಾಲ್ಕನೆಯದೋ, ನನ್ನ ನೆನಪು ಎರಡಕ್ಕೂ ಆಣೆ ಇಡುತ್ತದೆ, ಜ್ವರ ಮತ್ತೆ ಏರಿತು. ಬೆಳಿಗ್ಗೆ ಕುಡಿದ ನೀರು ಇಳಿಯದೆ ಮೂಗಿನಿಂದ ಹೊರಬಂತು. ನಾಳೆ ಉಸಿರೂ ಹೀಗೇ ನಿಂತರೆ? ಮಣ್ಣಿನ ಅಡಿಯ ಚರ್ಮ ನೋಡಲೇಬೇಕೆಂದು ಬಚ್ಚಲಿಗೆ ಹೋಗಿ ಕೂತೆ.

"ಅತ್ತಿ, ನೀರು ಹಾಕ್ರಿ. ತೊಳ್ಕಂತೀನಿ."

"ಉದುರೋತನಕ ಮುಟ್ಟಬ್ಯಾಡ ಅಂದಿಲ್ಲೇನು?"

"ಮೊದ್ಲು ಮಣ್ಣು ಉದುರತೈತೋ, ನಾನೋ?"

"ಥೂ, ಬಾಯಾಗ ಒಂದು ಒಳ್ಳೆ ಮಾತು ಬರಲ್ಲ ನಿನಗ. ಬಾವು ಒಳಗಿಳೀತಂದ್ರ ನನ್ನ ಬೈಬ್ಯಾಡ ಮತ್ತ."

"ಬೈಯಲ್ರಿ. ಹಾಕ್ರಿ."

ನನ್ನ ದನಿ ಪಿಸುಮಾತಿನಷ್ಟೇ ಹೊರಡುತ್ತಿತ್ತು. ಆದರೂ ನಾನು ಬಚ್ಚಲಿಂದ ಏಳಲಿಲ್ಲ. ಅತ್ತೆ ಗೊಣಗುತ್ತಲೇ ಚೆಂಬು ಎತ್ತಿದರು. ಮೊದಲ ಚೆಂಬಿಗೆ ಬಚ್ಚಲೆಲ್ಲ ಕೆಂಪಾಯಿತು. ಆಮೇಲಾಮೇಲೆ ನೀರು ತಿಳಿಯಾಗಿ ಹರಿಯಿತು. ಕತ್ತಿನ ಕೆಂಪು ಮಾತ್ರ ತಿಳಿಯಾಗಲಿಲ್ಲ. ಅತ್ತೆ ಸೆರಗಿನಿಂದ ಒರೆಸಿದರು. ಮತ್ತೆ ಒರೆಸಿ, ಸೆರಗನ್ನು ತಿರುಗಿಸಿ ನೋಡಿದರು. ಸೆರಗಿಗೆ ಏನೂ ಹತ್ತಿರಲಿಲ್ಲ.

"ಇದು ಮಣ್ಣಲ್ಲಬೇ," ಅಂದರು. ಆಟೋ ಕರೆಯಲು ಒದ್ದೆ ಸೀರೆಯಲ್ಲೇ ಬೀದಿಗೆ ಓಡಿದವರೂ ಅವರೇ.

ಸ್ಕ್ಯಾನಿನಲ್ಲಿ ಕೀವು ಕಂಡಿತು. ಸೂಜಿ ಹಾಕಿ ತೆಗೆದರು, ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್ ಏರಿಸಿದರು. ಇಷ್ಟು ದಿನ ಕೆಂಪು ಯಾಕೆ ಕಾಣಲಿಲ್ಲ ಎಂದು ಡಾಕ್ಟರಮ್ಮ ಕೇಳಿದಾಗ ಅತ್ತೆ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು.

"ನಾನಽ ಮಣ್ಣು ಹಚ್ಕೊಂಡಿದ್ದೆ," ಅಂದೆ. ಆ ದಿನವೇ ಅಂದೆನೋ, ಈಗ ಬರೆಯುತ್ತ ಅನ್ನುತ್ತಿದ್ದೇನೋ, ಗೊತ್ತಿಲ್ಲ. ಯಾವಾಗ ಅಂದರೂ ಅದು ಸುಳ್ಳಲ್ಲ.

ಎರಡು ದಿನದ ಮೇಲೆ ಅತ್ತೆ ನನ್ನ ಬಾಯಿಗೆ ಲೋಟ ಹಿಡಿದರು. ಒಂದು ಗುಟುಕು ನೀರು, ನೋಯಿಸುತ್ತಲೇ, ಕೆಳಗಿಳಿಯಿತು.