ಕವಿಗೆ ಇಟ್ಟ ಎಡೆ

ಸತ್ತವರ ಹಸಿವಿನ ವಿಚಾರದಲ್ಲಿ ನಮ್ಮ ಅಜ್ಜಿಯ ಜೊತೆ ವಾದ ಮಾಡಿ ಗೆದ್ದವರು ಕಂಪಲಾಪುರದಲ್ಲಿ ಯಾರೂ ಇಲ್ಲ. ಬದುಕಿರುವವರು ಒಂದು ಹೊತ್ತು ಉಪವಾಸ ಇದ್ದರೆ ಅವಳಿಗೆ ಅಂಥ ಚಿಂತೆಯಿಲ್ಲ. ಅವರಿಗೆ ಬಾಯಿದೆ, ಕೇಳಿ ತಿನ್ನುತ್ತಾರೆ. ಸತ್ತವರಿಗೆ ವರ್ಷಕ್ಕೆ ಒಂದೇ ಊಟ. ಮಹಾಲಯ ಅಮಾವಾಸ್ಯೆಯ ದಿನ ಅವರಿಗೆ ಇಷ್ಟವಾದದ್ದನ್ನೇ ಮಾಡಿ, ಎಲೆ ಹಾಕಿ ಎಡೆ ಇಟ್ಟು, ಬಾಗಿಲು ಮುಚ್ಚಿಕೊಂಡು ನಾವೆಲ್ಲ ಹೊರಗೆ ನಿಲ್ಲಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಮತ್ತೆ ಬಾಗಿಲು ತೆಗೆಯುವ ಮುಂಚೆ ಒಮ್ಮೆ ಕೆಮ್ಮಬೇಕು. ಆ ಕೆಮ್ಮು ಕೇಳಿ ಅವರು ಎದ್ದು ಹೊರಡುತ್ತಾರೆ. ಇನ್ನೊಂದು ಎಲೆ ಮಾಳಿಗೆಯ ಮೇಲೆ, ಕಾಗೆಗೆ. ಕಾಗೆ ಮುಟ್ಟಿದರೆ ಸತ್ತವರಿಗೆ ಸಮಾಧಾನ ಎಂದು ಅರ್ಥ. ಮುಟ್ಟದಿದ್ದರೆ ಬದುಕಿರುವವರಿಗೆ ಆ ದಿನ ತುತ್ತು ಇಳಿಯುವುದಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಇಂಗ್ಲೆಂಡಿನ ಹಾಸ್ಟೆಲ್ ರೂಮಿನಲ್ಲಿ ಕೂತು, ನಾನು ಓದುತ್ತಿರುವ ಕವಿಗೆ ಮಕ್ಕಳಿರಲಿಲ್ಲ ಎಂದು ವಿಡಿಯೋ ಕಾಲಿನಲ್ಲಿ ಅಜ್ಜಿಗೆ ಹೇಳಿದೆ. ತಪ್ಪು ನನ್ನದೇ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದೆ. ಹುಣಸೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಅರ್ಧ ಸಿಲಬಸ್ ಮುಗಿಸಿದವಳು. ಕೊನೆಯ ವರ್ಷ, ಒಂದು ಸೆಮಿಸ್ಟರ್ ಇಂಗ್ಲೆಂಡಿಗೆ ಹೋಗಿ ಓದಿ ಬರುವ ಅವಕಾಶ ಬಂತು. ಊಟ, ವಸತಿ, ಟಿಕೆಟ್ ಎಲ್ಲ ಅಲ್ಲಿನವರದೇ. ಮನೆಯಲ್ಲಿ ಎಲ್ಲರೂ ಕುಣಿದಾಡಿದರು, ತಾತ ಒಬ್ಬನನ್ನು ಬಿಟ್ಟು. ಹೊಗೆಸೊಪ್ಪು ಮುರಿಯುವ ಕಾಲ ಅದು. ತಾತ ಬ್ಯಾರನ್ ಮುಂದೆ ಸೌದೆ ಜೋಡಿಸುತ್ತಿದ್ದ. ಸೊಪ್ಪು ಬೇಯಿಸುವ ಆ ಬ್ಯಾರನ್ನಿನ ಬಿಸಿಯನ್ನು ಥರ್ಮಾಮೀಟರ್ ನೋಡದೆ ಗೋಡೆ ಮುಟ್ಟಿ ಹೇಳುತ್ತಿದ್ದ ಮನುಷ್ಯ. ನನ್ನ ಮಾತನ್ನು ಪೂರ್ತಿ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿದ.

“ಅವರ ಕತೆ ಓದಕ್ಕೆ ಅವರೂರ್ಗೇ ಓಗ್ಬೇಕೇನವ್ವ? ಪುಸ್ತಕ ಇಲ್ಲಿಗೆ ಬರಕಿಲ್ವಾ?”

ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಮೂಗಿನ ತುದಿಯಲ್ಲೇ ಕೋಪ. “ಜೀವಮಾನದಲ್ಲಿ ಮೈಸೂರು ದಾಟ್ದೇ ಇರೋನು ನೀನು. ನಿಂಗೇನು ಗೊತ್ತಾಗುತ್ತೆ?” ಅಂದುಬಿಟ್ಟೆ. ತಾತ ಸೌದೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಆಮೇಲೆ ಹನ್ನೊಂದು ದಿನ ನನ್ನ ಜೊತೆ ಮಾತಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಅದೇ ಸೌದೆಯ ರಾಶಿಯ ಪಕ್ಕ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಆ ಮಾತು ಬ್ಯಾರನ್ ಹತ್ತಿರ ನಮ್ಮಿಬ್ಬರ ನಡುವೆ ಆದದ್ದು, ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ ಎಂದುಕೊಂಡಿದ್ದೆ. ಎರಡು ತಿಂಗಳಾದ ಮೇಲೆ ಅದನ್ನೂ ಸೂಟ್‌ಕೇಸಿನ ಜೊತೆ ಹೊತ್ತುಕೊಂಡು ವಿಮಾನ ಹತ್ತಿದೆ.

ಸರಿ, ಕವಿಯ ವಿಷಯಕ್ಕೆ ಬರುತ್ತೇನೆ. ಅವನು ದೊಡ್ಡ ಹೆಸರಿನವನೇನಲ್ಲ. ನಾನಿದ್ದ ಊರಿನಲ್ಲೇ ಹುಟ್ಟಿ, ಅಲ್ಲೇ ಕುರಿ, ಕಲ್ಲುಗೋಡೆ, ಮಂಜು ಎಂದು ಬರೆದು, ಮದುವೆಯಾಗದೆ ಸತ್ತು ನೂರೈವತ್ತು ವರ್ಷಕ್ಕೂ ಮೇಲಾಗಿತ್ತು. ಅವನ ಸಮಾಧಿ ಹಾಸ್ಟೆಲಿನಿಂದ ಹತ್ತು ನಿಮಿಷದ ದಾರಿ, ಚರ್ಚಿನ ಹಿಂದೆ. ಇದನ್ನೂ ಅಜ್ಜಿಗೆ ಹೇಳಿದ್ದೆ ನೋಡಿ, ನನ್ನ ಬಾಯಿಗೆ ಬೀಗ ಇಲ್ಲ.

“ಮಕ್ಳಿಲ್ಲ ಅಂದ್ಮ್ಯಾಕೆ ಅವನ್ಗೆ ಎಡೆ ಇಕ್ಕೋರು ಯಾರು?” ಅಂದಳು ಅಜ್ಜಿ.

ಇಲ್ಲಿ ಮಕ್ಕಳಿದ್ದವರಿಗೂ ಯಾರೂ ಇಡುವುದಿಲ್ಲ, ಹೂವು ಇಟ್ಟು ಹೋಗುತ್ತಾರೆ ಅಷ್ಟೆ ಎಂದೆ. ಅಜ್ಜಿ ಫೋನನ್ನು ಮುಖದ ಹತ್ತಿರ ತಂದಳು.

“ಆ ದೇಸ್ದಲ್ಲಿ ಸತ್ತೋರೆಲ್ಲ ಅಸ್ಕಂಡೇ ಅವ್ರಾ?”

ಅವತ್ತಿನಿಂದ ಶುರುವಾಯಿತು ಕಾಟ. ಅವನು ಬರೆದದ್ದನ್ನು ಓದಿ ನಾನು ಪಾಸಾಗಬೇಕು, ಅವನು ಮಾತ್ರ ಹಸಿದುಕೊಂಡು ಮಲಗಿರಬೇಕು, ಇದ್ಯಾವ ನ್ಯಾಯ ಎಂಬುದು ಅಜ್ಜಿಯ ವಾದ. ದಿನಾ ಫೋನ್. ಕೊನೆಗೆ ಸಾಕಾಗಿ, ಆಯ್ತು, ಅಮಾವಾಸ್ಯೆಗೆ ಅವನಿಗೂ ಒಂದು ಎಡೆ ಇಡುತ್ತೇನೆ ಎಂದು ಒಪ್ಪಿಕೊಂಡೆ. ಆ ವರ್ಷ ತಾತನ ಮೊದಲ ಎಡೆ. ಹಾಗಾದರೆ ತಾತನಿಗೂ ಇಲ್ಲೇ ಒಂದು ಎಲೆ ಹಾಕಲೇ ಎಂದು ಕೇಳಿದೆ. ಕೂಡದು ಎಂದಳು. ಒಬ್ಬರನ್ನು ಎರಡು ಮನೆಯಿಂದ ಕರೆದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲೆಯುತ್ತಾರಂತೆ. ತಾತನಿಗೆ ಕಂಪಲಾಪುರದಲ್ಲಿ, ಕವಿಗೆ ನನ್ನ ಕೈಯಲ್ಲಿ ಎಂದು ತೀರ್ಮಾನವಾಯಿತು. ನನ್ನ ಮೇಲೆ ಮುನಿಸಿಕೊಂಡು ಹೋದವನನ್ನು ಕರೆಯುವ ಹಕ್ಕೂ ನನಗಿಲ್ಲದ ಹಾಗಾಯಿತು. ಅದನ್ನು ಅಜ್ಜಿಯ ಹತ್ತಿರ ಹೇಳಲಿಲ್ಲ.

ಈಗ ಇನ್ನೊಂದು ತೊಡಕು. ಎಡೆಗೆ ಸತ್ತವನ ಇಷ್ಟದ ಅಡುಗೆಯೇ ಆಗಬೇಕು. ಹೋಗಿ ನಮ್ಮ ಪ್ರೊಫೆಸರನ್ನು ಕೇಳಿದೆ, ಈ ಕವಿಗೆ ಊಟಕ್ಕೆ ಏನು ಇಷ್ಟವಿತ್ತು ಎಂದು. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನ ಛಂದಸ್ಸು, ಅವನ ಧರ್ಮಶ್ರದ್ಧೆ, ಅವನ ಒಂಟಿತನ ಎಲ್ಲದರ ಬಗ್ಗೆಯೂ ವಿದ್ಯಾರ್ಥಿಗಳು ಕೇಳಿದ್ದಾರೆ, ಹೊಟ್ಟೆಯ ಬಗ್ಗೆ ಇವತ್ತಿನವರೆಗೆ ಯಾರೂ ಕೇಳಿಲ್ಲ ಎಂದರು. ಇದೇ ನನ್ನ ಸೆಮಿಸ್ಟರಿನ ಪ್ರಬಂಧವಾಗಲಿ ಎಂದು ಅಲ್ಲೇ ಅಪ್ಪಣೆ ಕೊಟ್ಟು, ಲೈಬ್ರರಿಯ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಅವನ ಕಾಗದಗಳ ಪೆಟ್ಟಿಗೆ ತೆಗೆಸಿಕೊಟ್ಟರು. ಎಡೆಯ ಸಂಗತಿ ನಾನು ಬಾಯಿ ಬಿಡಲಿಲ್ಲ. ಎರಡು ದಿನ ಕೂತು ಓದಿದೆ. ತಂಗಿಗೆ ಬರೆದ ಕಾಗದಗಳ ತುಂಬ ಮಂಡಿನೋವು, ಮಳೆ, ಮತ್ತೆ ಮಂಡಿನೋವು. ಕಡೆಗೊಂದರಲ್ಲಿ ಸಿಕ್ಕಿತು: ಕುರಿಮಾಂಸ ಬೇಯಿಸಿ, ಒಣ ಬಟಾಣಿಯನ್ನು ಮಸೆದು ಬಡಿಸುತ್ತಿದ್ದ ಅಮ್ಮನ ಊಟ ನೆನೆದು ಬಾಯಲ್ಲಿ ನೀರೂರುತ್ತಿದೆ ಎಂದು ಬರೆದಿದ್ದ. ಅಜ್ಜಿಗೆ ಹೇಳಿದೆ.

“ಬಾಡು, ಮಸೆದ ಕಾಳು,” ಎಂದು ಅಜ್ಜಿ ನೆಮ್ಮದಿಯಿಂದ ತಲೆಯಾಡಿಸಿದಳು. “ನಮ್ಮೋನೇ ಬುಡು.”

ಆದರೆ ನಮ್ಮ ಕೈಯ ಎಡೆ ಎಂದಮೇಲೆ ಮುದ್ದೆ ಇರಲೇಬೇಕಂತೆ. ಕವಿ ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ. ಅಮಾವಾಸ್ಯೆಯ ದಿನ ಐದು ಗಂಟೆಗೆ ಎದ್ದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕುರಿಮಾಂಸ ಬೇಯಿಸಿ, ಬಟಾಣಿ ಮಸೆದು, ಊರಿನಿಂದ ತಂದಿದ್ದ ಹಿಟ್ಟಿನಲ್ಲಿ ಮುದ್ದೆ ತಿರುವಿದೆ. ಬಾಳೆಎಲೆ ಎಲ್ಲಿಂದ ತರಲಿ? ಕಾಗದದ ತಟ್ಟೆಗೆ ಅಜ್ಜಿ ಒಪ್ಪಲಿಲ್ಲ. ದೊಡ್ಡ ಎಲೆಕೋಸು ತಂದು ಹೊರಗಿನ ನಾಲ್ಕು ಎಲೆ ಬಿಡಿಸಿಕೊಂಡೆ. ಎಂಟು ಗಂಟೆಗೆ ಕವಿಯ ಕಲ್ಲಿನ ಮುಂದೆ ಕೋಸಿನ ಎಲೆ ಹಾಸಿ ಎಲ್ಲ ಬಡಿಸುವಾಗ, ಇಂಗ್ಲಿಷ್ ಸಾಹಿತ್ಯದ ಓದು ಎಂದರೆ ಇದೇ ಇರಬೇಕು ಎಂದು ನನಗೇ ನಗು ಬಂತು.

ಅಷ್ಟರಲ್ಲಿ ವಿಡಿಯೋ ಕಾಲ್ ಬಂತು. ಚಿಕ್ಕಪ್ಪ. ಅಲ್ಲಿ ಆಗಲೇ ಮಧ್ಯಾಹ್ನ. ಮಾಳಿಗೆಯ ಮೇಲೆ ತಾತನ ಎಲೆ ಇಟ್ಟು ಅರ್ಧ ಗಂಟೆ ಮೇಲಾಗಿತ್ತು, ಕಾಗೆ ಮುಟ್ಟಿರಲಿಲ್ಲ. ತೆಂಗಿನ ಗರಿಯ ಮೇಲೆ ಕೂತು ನೋಡುತ್ತಿತ್ತಂತೆ, ಇಳಿಯುತ್ತಿರಲಿಲ್ಲವಂತೆ. ಸಾರಿಗೆ ಉಪ್ಪು ಕಮ್ಮಿ ಎಂದು ಉಪ್ಪು ಹಾಕಿದರು. ಬೀಡಿ ಬೇರೆ ಕಟ್ಟಿನದು ಎಂದು ಅಂಗಡಿಗೆ ಓಡಿ ತಾತ ಸೇದುತ್ತಿದ್ದ ಬೀಡಿಯನ್ನೇ ತಂದರು. ಎಡೆಯಲ್ಲಿಟ್ಟ ಪಂಚೆಯ ಅಂಚು ಕೆಂಪಿತ್ತು, ತಾತ ಹಸಿರಂಚು ಬಿಟ್ಟು ಉಟ್ಟವನಲ್ಲ ಎಂದು ಪಂಚೆ ಬದಲಾಯಿಸಿದರು. ಕಾಗೆ ಕುತ್ತಿಗೆ ಕೊಂಕಿಸಿ ಎಲ್ಲವನ್ನೂ ನೋಡಿತಂತೆ, ಅಷ್ಟೆ. ಕೊನೆಗೆ ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಚಿಕ್ಕಪ್ಪ ನನಗೇ ಹೇಳಿದ.

“ನಿನ್ ಮ್ಯಾಲೇ ಕ್ವಾಪ ಇರ್ಬೇಕು ಕಣಮ್ಮಿ. ನೀನು ಓಗ್ತೀನಿ ಅಂದಾಗ್ಲಿಂದ್ಲೂ ಅಂಗೇ ಇದ್ನಲ್ಲ.”

ನಾನು ಕಾಗೆಯನ್ನೂ ಎಡೆಯನ್ನೂ ಪೂರ್ತಿ ನಂಬುವವಳಲ್ಲ. ಹಾಸ್ಟೆಲಿನಲ್ಲಿ ಗೆಳತಿಯರ ಮುಂದೆ ಇದನ್ನೆಲ್ಲ ತಮಾಷೆ ಮಾಡಿ ಹೇಳಿದವಳು. ಆದರೆ ಆ ಹೊತ್ತು ಆ ಕಾಗೆ ಇಳಿದು ಒಂದೇ ಒಂದು ಅಗುಳು ಮುಟ್ಟಿದರೆ ಸಾಕು, ಡಿಗ್ರಿ ಬೇಡ, ಏನೂ ಬೇಡ ಅನ್ನಿಸಿತು. ತಾತ ಕೋಪದಲ್ಲೇ ಹೋದನೇ ಎಂಬುದೊಂದು ತಿಳಿಯಬೇಕಿತ್ತು.

ಫೋನು ಅಜ್ಜಿಯ ಕೈಗೆ ಹೋಯಿತು. ಅವಳು ನನ್ನ ಮುಖ ನೋಡಿ, ಮೊದಲು ಹಿಡಿದ ಕೆಲಸ ಮುಗಿಸು ಎಂದಳು. ಬಾಗಿಲಿಲ್ಲದ ಕಡೆ ಎಡೆಗೆ ಬೆನ್ನು ತಿರುಗಿಸಿ ನಿಲ್ಲಬೇಕು, ಕೆಮ್ಮುವ ತನಕ ತಿರುಗಕೂಡದು. ನಾನು ಸಮಾಧಿಗೆ ಬೆನ್ನು ಹಾಕಿ, ಫೋನನ್ನು ಮುಖದ ಮುಂದೆ ಹಿಡಿದು ನಿಂತೆ. ನನ್ನ ಹೆಗಲ ಹಿಂದೆ ಕವಿಯ ಕಲ್ಲು ಅಜ್ಜಿಗೆ ಕಾಣುತ್ತಿತ್ತು. ಬಿಸಿಲಿಗೆ ನನಗೆ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ.

ಆಗಲೇ ಒಬ್ಬ ಮುದುಕ ನಾಯಿ ಹಿಡಿದುಕೊಂಡು ಬಂದ. ಏನಾದರೂ ತೊಂದರೆಯೇ ಎಂದು ಕೇಳಿದ. ತಿರುಗದೆಯೇ ಹೇಳಿದೆ: ಹಿಂದೆ ಮಲಗಿರುವವರು ಊಟ ಮಾಡುತ್ತಿದ್ದಾರೆ, ನೋಡಬಾರದು, ನೀವೂ ದಯವಿಟ್ಟು ಕೆಮ್ಮಬೇಡಿ. ಹುಚ್ಚಿ ಎಂದು ಹೋಗಬಹುದಿತ್ತು. ಆ ಪುಣ್ಯಾತ್ಮ ಟೋಪಿ ತೆಗೆದು, ನಾಯಿಯ ಹಗ್ಗ ಬಿಗಿಹಿಡಿದು, ನನ್ನ ಪಕ್ಕದಲ್ಲಿ ಅವನೂ ಸಮಾಧಿಗೆ ಬೆನ್ನು ಹಾಕಿ ನಿಂತ. ಅವನಿಗೆ ನೆಗಡಿ ಬೇರೆ. ಕರವಸ್ತ್ರ ಬಾಯಿಗೆ ಒತ್ತಿಕೊಂಡು ಮುಖ ಕೆಂಪು ಮಾಡಿಕೊಂಡ. ನಾಯಿಗೆ ಮಾತ್ರ ಕುರಿಮಾಂಸದ ವಾಸನೆ ಹತ್ತಿ, ಹಗ್ಗ ಜಗ್ಗುತ್ತಲೇ ಇತ್ತು.

“ಬಂತು, ತಿರುಗ್ಬ್ಯಾಡ,” ಅಂದಳು ಅಜ್ಜಿ.

ಹಿಂದೆ ರೆಕ್ಕೆ ಬಡಿದ ಸದ್ದು ನನಗೂ ಕೇಳಿಸಿತು. ನಮ್ಮ ಕಾಗೆಯ ಹಾಗೆ ಕತ್ತು ಬೂದಿಯಲ್ಲ, ಇದು ಮೈಯೆಲ್ಲ ಕಪ್ಪು, ದಪ್ಪ ಇದೆ ಎಂದು ಅಜ್ಜಿ ವರದಿ ಒಪ್ಪಿಸಿದಳು. ಏನು ತಿನ್ನುತ್ತಿದೆ ಎಂದು ನಾನು ಕೇಳಿದ್ದಕ್ಕೆ ನಿಧಾನಕ್ಕೆ ಹೇಳಿದಳು: ಬಾಡಿನ ಕಡೆ ತಲೆ ಹಾಕಲಿಲ್ಲ, ಕಾಳು ಮುಟ್ಟಲಿಲ್ಲ, ನೇರ ಮುದ್ದೆಗೇ ಬಂದು ಮುರಿದು ಮುರಿದು ತಿನ್ನುತ್ತಿದೆ.

“ಆ ಪದ ಬರೆಯೋನಲ್ಲ ಕಣವ್ವ ಬಂದಿರಾದು.” ಅಜ್ಜಿಯ ದನಿ ಇಳಿದಿತ್ತು. “ಅವನ್ ಪಾಲು ಅಂಗೇ ಬುಟ್ಟವ್ನೆ. ನಿಮ್ ತಾತ ಯಾವತ್ತೂ ಇನ್ನೊಬ್ರ ಎಲೆಗೆ ಕೈ ಆಕ್ದೋನಲ್ಲ.”

ನಾನು ತಿರುಗಲು ಹೋಗಿ, ತಿರುಗಕೂಡದೆಂಬುದು ನೆನಪಾಗಿ ನಿಂತೆ.

“ಮೈಸೂರು ದಾಟ್ದೇ ಇರೋನು ಅಂದಿದ್ಯಲ್ಲ, ಇಲ್ಲಿ ಬ್ಯಾರನ್ ತಾವ ನಿಂತ್ಕಂಡು. ನೋಡು, ಎಲ್ಲೀಗಂಟ ಬಂದವ್ನೆ.”

ಅಂದರೆ ಅಜ್ಜಿ ಕೇಳಿಸಿಕೊಂಡಿದ್ದಳು. ಹನ್ನೊಂದು ದಿನ, ಆಮೇಲೆ ತಿಥಿ, ಆಮೇಲೆ ನನ್ನ ಬಟ್ಟೆ ಮಡಿಸಿ ಸೂಟ್‌ಕೇಸಿಗೆ ತುಂಬಿದ ದಿನ, ಒಂದು ಮಾತು ಎತ್ತಿರಲಿಲ್ಲ. ನಾನು ಗೊಳೋ ಎಂದು ಅತ್ತುಬಿಟ್ಟೆ. ಪಕ್ಕದ ಮುದುಕ ಏನೂ ಕೇಳದೆ ಕರವಸ್ತ್ರ ಕೊಡಲು ಹೋಗಿ, ಅದು ತನ್ನ ನೆಗಡಿಯದು ಎಂದು ನೆನಪಾಗಿ, ನಾಯಿಯ ಹಗ್ಗವನ್ನೇ ಇನ್ನಷ್ಟು ಬಿಗಿಮಾಡಿಕೊಂಡ.

ಚರ್ಚಿನ ಗಡಿಯಾರ ಒಂಬತ್ತು ಹೊಡೆಯಿತು. ಕ್ಲಾಸು ಶುರುವಾಗಿರುತ್ತದೆ, ಅದೇ ಕವಿಯ ಪಾಠ. ನಾನು ಕೆಮ್ಮಬೇಕಿತ್ತು. ಕೆಮ್ಮಿದರೆ ತಾತ ಎದ್ದು ಹೊರಡುತ್ತಾನೆ. ಗಂಟಲಿನವರೆಗೆ ಬಂದದ್ದನ್ನು ನುಂಗಿಕೊಂಡು, ಬೆನ್ನಿನ ಹಿಂದೆ ಕೊಕ್ಕಿನ ಸದ್ದು ಕೇಳುತ್ತ ಹಾಗೇ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅಜ್ಜಿ ಫೋನ್ ಇಡಲಿಲ್ಲ.

“ಸಾಕು ಮಗ, ಕೆಮ್ಮು,” ಅಂದಳು ಕಡೆಗೆ. “ದಾರಿ ದೂರ ಅದೆ. ಇಲ್ಲೂ ಎಲೆ ಆಕಿ ಕಾಯ್ತಾ ಕುಂತಿವ್ನಿ.”

ನಾನು ಕೆಮ್ಮಿದೆ.