ಹಿಂದಿನ ಸೀಟಿನ ಸಾಕ್ಷಿ

ಮಧುಗಿರಿಯಲ್ಲಿ ಒಬ್ಬ ಫಟಫಟಿ ಮೆಕ್ಯಾನಿಕ್ ಇದ್ದ. ಯಾವ ಗಾಡಿ ಬಂದರೂ ಮೊದಲು ಕೈ ಒರೆಸಿಕೊಂಡು, ಕತ್ತು ವಾಲಿಸಿ, "ಕೇಳಾನ ತಡೀರಿ" ಅನ್ನುತ್ತಿದ್ದ. ಎಂಜಿನ್ನಿನ ಸದ್ದನ್ನೂ ಕೇಳುತ್ತಿದ್ದ, ಅದರ ಮೇಲೆ ಕೂತು ಬಂದವರ ಮಾತನ್ನೂ ಕೇಳುತ್ತಿದ್ದ. ಇಂಥವನನ್ನು ಮೆಚ್ಚಬೇಕು. ನನ್ನ ಕೈಲಿ ಆಗಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಕೊಂಡ ಹಳೇ ಫಟಫಟಿಯ ದೀಪ ರಸ್ತೆ ಬಿಟ್ಟು ಹುಣಸೆಮರದ ತುದಿ ತೋರಿಸುತ್ತಿತ್ತು. ಹೈಸ್ಕೂಲಿನಲ್ಲಿ ಬೆಳಕಿನ ಪಾಠ ಮಾಡುವವನು ನಾನೇ ಆದ್ದರಿಂದ, ಗಾಡಿಗೆ ಸ್ಟ್ಯಾಂಡ್ ಹಾಕಿ, ಗೋಡೆಗೆ ಗೆರೆ ಎಳೆದು, ಶಾಸ್ತ್ರೋಕ್ತವಾಗಿ ಮೂರು ಸಲ ಸರಿಮಾಡಿದ್ದೆ. "ನಾನು ಹಿಂದೆ ಕೂತ್ರೆ ಬೆಳಕು ಮೇಲಕ್ಕೋಗುತ್ತೆ ಕಣ್ರೀ" ಎಂದು ಹೆಂಡತಿ ತಿಂಗಳಿಂದ ಹೇಳುತ್ತಿದ್ದಳು. "ಬೆಳಕಿಗೆ ನೀನ್ಯಾರು ಅಂತ ಗೊತ್ತಾ?" ಎಂದು ನಾನು ನಕ್ಕಿದ್ದೆ.

ಕೊನೆಗೊಂದು ಸಂಜೆ ಇಬ್ಬರೂ ಅವನ ಶೆಡ್ಡಿಗೆ ಹೋದೆವು. ನಾನು ಕೋನಗಳ ವಿಷಯ ಆರಂಭಿಸಿದೆ.

"ಮೇಷ್ಟ್ರೇ, ವಸಿ ಸುಮ್ಕಿರಿ. ಅಕ್ಕಾ, ನೀವೇಳಿ."

ಅವಳು ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೊನೇತನಕ ಕೇಳಿದ.

"ಸರ್ಯಾಗೇಳ್ತಾವ್ರೆ. ಹಿಂದೆ ಭಾರ ಬಿದ್ರೆ ಮೂತಿ ಮೇಲಾಯ್ತದೆ. ಇಬ್ರೂ ಕೂತ್ಕಳಿ."

ಕೂತೆವು. ಎರಡು ಬೋಲ್ಟು ಸಡಿಲಿಸಿ, ಹೆಬ್ಬೆರಳಲ್ಲಿ ದೀಪವನ್ನು ಕೊಂಚ ತಗ್ಗಿಸಿ ಬಿಗಿದ. ಅಷ್ಟೇ. ಭಾರ ಅನ್ನಿಸಿಕೊಂಡೂ ನನ್ನ ಹೆಂಡತಿ ನಗುತ್ತಿದ್ದಳು. ಆ ಮಾತು ನಾನು ಆಡಿದ್ದರೆ ಮೂರು ದಿನ ಉಪ್ಪಿಲ್ಲದ ಸಾರು.

ವಾಪಸು ಬರುವಾಗ ಬೆಳಕು ರಸ್ತೆಯ ಮೇಲೇ ಇತ್ತು. ಮದುವೆಯಾದ ಮೇಲೆ ಮೊದಲ ಸಲ ನಾನೂ ಅವಳ ಅಭಿಪ್ರಾಯ ಕೇಳಿದೆ: "ಈಗ ಹೆಂಗಿದೆ?"

"ಅವ್ರು ಆಗ್ಲೇ ಕೇಳಿದ್ರಲ್ಲ" ಎಂದಳು.